ಎಮರಾಲ್ಡ್ ಜಲಾಶಯದ ಮೇಲಿನ ಊರಿಗೆ ಬಂದ ಮುನ್ನೆಚ್ಚರಿಕೆ ಸೇವೆ: ಬಳಸಿ ನೋಡಿದವಳ ವಿಮರ್ಶೆ

ನೀಲಗಿರಿಯಲ್ಲಿ ಊಟಿಯಿಂದ ಕುಂದಾ ಬೆಟ್ಟಗಳ ಕಡೆಗೆ ಹೊರಟರೆ ಎಮರಾಲ್ಡ್ ಜಲಾಶಯ ಸಿಗುತ್ತದೆ. ಅದರ ನೀರು ಕಾಣುವ ಇಳಿಜಾರಿನಲ್ಲಿ ನಮ್ಮ ಮನೆಯಿದೆ, ಕ್ಯಾರೆಟ್ ಮತ್ತು ಬೆಳ್ಳುಳ್ಳಿಯ ಸಣ್ಣ ತೋಟವಿದೆ, ಅತಿಥಿಗಳಿಗೆಂದು ಎರಡು ಕೋಣೆಗಳಿವೆ. ಬರುವವರಲ್ಲಿ ಮೈಸೂರು, ಗುಂಡ್ಲುಪೇಟೆ, ಚಾಮರಾಜನಗರದ ಕನ್ನಡಿಗರೇ ಹೆಚ್ಚು. ಮಳೆಗಾಲದಲ್ಲಿ ಕೋಣೆ ಕೇಳುವವರೆಲ್ಲ ತಪ್ಪದೆ ಇನ್ನೊಂದು ಮಾತನ್ನೂ ಕೇಳುತ್ತಾರೆ: "ಅಮ್ಮ, ಅಲ್ಲಿ ಗುಡ್ಡ ಕುಸಿಯುವ ಭಯ ಇಲ್ಲವೇ?" ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವ ಸ್ಥಿತಿಗೆ ನಮ್ಮ ಊರನ್ನು ತಂದದ್ದು ಒಂದು ಸೇವೆ. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸೇವೆ ಕೊಟ್ಟದ್ದು ಒಂದು ಚಿಕ್ಕ ಸ್ವಯಂಸೇವಾ ತಂಡ. ಭೂವಿಜ್ಞಾನ ಓದಿದ ಒಬ್ಬ ಹುಡುಗಿ, ಕಟ್ಟಡದ ಕೆಲಸ ಬಲ್ಲ ಹಿರಿಯರೊಬ್ಬರು, ನಿವೃತ್ತ ನರ್ಸ್ ಒಬ್ಬರು, ಜೊತೆಗೆ ಓಡಾಡಲು ಒಂದಿಬ್ಬರು ಯುವಕರು. ಬೆಟ್ಟದ ಇಳಿಜಾರಿನಲ್ಲಿ, ಜಲಾಶಯದ ದಡದಲ್ಲಿ ಇರುವ ಊರುಗಳು ಒಪ್ಪಿದರೆ ಅವರು ಬಂದು ಅಪಾಯದ ನಕ್ಷೆ ಮಾಡಿಸುತ್ತಾರೆ, ಮಳೆಮಾಪಕ ಕೂರಿಸುತ್ತಾರೆ, ನೀರು ಹರಿಯುವ ದಾರಿ ಸರಿಪಡಿಸಲು ಕಲಿಸುತ್ತಾರೆ, ಊರು ಖಾಲಿ ಮಾಡುವ ಅಭ್ಯಾಸ ಮಾಡಿಸುತ್ತಾರೆ. ಉಪಕರಣದ ಖರ್ಚಿನಲ್ಲಿ ಒಂದು ಪಾಲನ್ನು ಊರು ಹಾಕಬೇಕು, ಉಳಿದದ್ದು ಅವರಿಗೆ ಸಿಗುವ ದೇಣಿಗೆಯಿಂದ. ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೆಚ್ಚಿದ್ದರ ಜೊತೆಗೆ ಕೊರತೆಗಳನ್ನೂ ಹೇಳಬೇಕಾಗಿದೆ, ಆ ಕೊರತೆಗಳನ್ನು ಅವರ ಎದುರಿನಲ್ಲೇ ಹೇಳಿಯೂ ಆಗಿದೆ. ಇಂಥ ತಂಡ ನಿಮ್ಮ ಊರಿಗೆ ಬಂದರೆ ಅದರಿಂದ ಏನನ್ನು ಕೇಳಿ ಪಡೆಯಬೇಕು ಎಂಬುದು ತಿಳಿದರೆ ಸಾಕು.

ಮೊದಲು ಈ ನೆಲದ ವಿಷಯ. ನಮ್ಮ ಮಾವನವರು ಗುಂಡ್ಲುಪೇಟೆ ಕಡೆಯವರು. ಕಾಮನ್‌ವೆಲ್ತ್ ದೇಶಗಳ ನೆರವಿನ ಒಪ್ಪಂದವಾದ ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆಯ ಅಣೆಕಟ್ಟುಗಳು ಏಳುತ್ತಿದ್ದ ಕಾಲದಲ್ಲಿ ಕಲ್ಲುಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಎಮರಾಲ್ಡ್ ಮತ್ತು ಅವಲಾಂಚಿ ಜೋಡಿ ಜಲಾಶಯಗಳು. ಸುತ್ತಲೂ ಬಡಗರ ಹಟ್ಟಿಗಳು, ಶ್ರೀಲಂಕಾದಿಂದ ಮರಳಿದ ತಮಿಳರ ಮನೆಗಳು, ಟೀ ತೋಟದ ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಗಳು, ನಮ್ಮಂಥ ಬೆರಳೆಣಿಕೆಯ ಕನ್ನಡ ಕುಟುಂಬಗಳು. ಬಡಗ ಮಾತು ನಮ್ಮ ಕನ್ನಡಕ್ಕೆ ಹತ್ತಿರವಾದ್ದರಿಂದ ಬಾಯಿಮಾತಿಗೆ ಎಂದೂ ತೊಡಕಾಗಿಲ್ಲ.

ಈ ಜಿಲ್ಲೆಗೆ ಎರಡು ಮಳೆಗಾಲ. ನೈಋತ್ಯ ಮಾರುತ ಜುಲೈ, ಆಗಸ್ಟ್‌ನಲ್ಲಿ ಪಡುವಣದ ಕುಂದಾ, ಅವಲಾಂಚಿ, ಗೂಡಲೂರು ಕಡೆ ಸುರಿಯುತ್ತದೆ. ಈಶಾನ್ಯ ಮಾರುತ ಅಕ್ಟೋಬರ್, ನವೆಂಬರ್‌ನಲ್ಲಿ ಮೂಡಣದ ಕೂನೂರು, ಕೋತಗಿರಿ ಕಡೆ ಸುರಿಯುತ್ತದೆ. 2009ರ ನವೆಂಬರ್‌ನಲ್ಲಿ ಕೂನೂರು, ಕೇತಿ, ಊಟಿ ಸುತ್ತ ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಕಡೆ ಮಣ್ಣು ಜರಿದು 40ಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಹೆಚ್ಚು ಮಳೆಯಾಯಿತು. ರಸ್ತೆಗಳು ಕಡಿದುಹೋದವು, ನೂರಾರು ಜನ ಶಿಬಿರ ಸೇರಿದರು. ಬಯಲುಸೀಮೆಯ ಎಷ್ಟೋ ತಾಲ್ಲೂಕುಗಳಿಗೆ ಇಡೀ ವರ್ಷದಲ್ಲಿ ಬೀಳುವಷ್ಟು ಮಳೆ ಅದು. ಜಿಲ್ಲೆಯಲ್ಲಿ 283 ಸ್ಥಳಗಳು ಅಪಾಯಕ್ಕೆ ಒಳಗಾಗಬಲ್ಲವು ಎಂದು ಆಡಳಿತ ಗುರುತಿಸಿದೆ.

ಕಾರಣವನ್ನು ತಂಡದ ಹುಡುಗಿ ತೋಟದ ಅಂಚಿನಲ್ಲಿ ನಿಂತು ತೋರಿಸಿದಳು. ಇಲ್ಲಿನ ತಳಬಂಡೆ ಚಾರ್ನೊಕೈಟ್ ಎಂಬ ಗಟ್ಟಿ ಕಲ್ಲು. ಅದರ ಮೇಲ್ಭಾಗ ಯುಗಯುಗಗಳಿಂದ ಶಿಥಿಲವಾಗಿ ಆಳವಾದ ಕೆಂಪು ಮಣ್ಣಾಗಿದೆ. ಒಣಗಿದಾಗ ಇಟ್ಟಿಗೆಯಂತಿರುವ ಈ ಮಣ್ಣು ನೀರು ತುಂಬಿದಾಗ ಅಂಬಲಿಯಾಗುತ್ತದೆ. ಮೇಲೆ ಶೋಲಾ ಕಾಡು ಮತ್ತು ಹುಲ್ಲುಗಾವಲು ಇದ್ದಾಗ ನೀರು ನಿಧಾನವಾಗಿ ಇಳಿಯುತ್ತಿತ್ತು. ನಾವು ತರಕಾರಿ ಹಾಕಿದೆವು, ಮನೆಗಾಗಿ ಇಳಿಜಾರನ್ನು ನೆಟ್ಟಗೆ ಕಡಿದೆವು, ರಸ್ತೆಗಾಗಿ ಹಳ್ಳದ ಬಾಯಿ ಮುಚ್ಚಿದೆವು. ಜೆಸಿಬಿ ಬಳಸಲು ಈ ಜಿಲ್ಲೆಯಲ್ಲಿ ಅನುಮತಿ ಬೇಕು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಸೇವೆಯ ಮೊದಲ ಭಾಗ ನಕ್ಷೆ. ಅವರು ಮುದ್ರಿಸಿದ ನಕ್ಷೆ ತಂದು ನಮ್ಮ ಮುಂದೆ ಹಾಸಲಿಲ್ಲ. ಸಮುದಾಯ ಭವನದ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾವೇ ಬರೆಯಬೇಕಾಯಿತು. ಮೊದಲು ನೀರು: ಯಾವ ಹಳ್ಳ ಎಲ್ಲಿ ಹುಟ್ಟುತ್ತದೆ, ಮಳೆಗಾಲದಲ್ಲಿ ಮಾತ್ರ ಎಲ್ಲಿ ಒರತೆ ಏಳುತ್ತದೆ. ಆಮೇಲೆ ಮನೆಗಳು. ಕೊನೆಗೆ ಯಾರ ನೆನಪಿನಲ್ಲಿ ಎಲ್ಲಿ ಮಣ್ಣು ಜರಿದಿದೆ ಎಂಬುದು. ಈ ಕೊನೆಯ ಭಾಗದಲ್ಲಿ ಹಟ್ಟಿಯ ಹಿರಿಯ ಅಜ್ಜಿಯೊಬ್ಬರು ಎಲ್ಲರನ್ನೂ ಸುಮ್ಮನಾಗಿಸಿದರು. ಈಗ ಎರಡು ಮನೆಗಳಿರುವ ಜಾಗವನ್ನು ತೋರಿಸಿ, ತಾನು ಮದುವೆಯಾಗಿ ಬಂದಾಗ ಅಲ್ಲಿ ಊಟೆ ಇತ್ತು, ಹಸುಗಳು ಹೂತುಕೊಳ್ಳುತ್ತಿದ್ದವು ಎಂದರು. ಆ ಮನೆಗಳ ಗೋಡೆ ಯಾವಾಗಲೂ ತೇವವಾಗಿರುವುದು ಊರಿಗೆಲ್ಲ ಗೊತ್ತಿತ್ತು. ಏಕೆ ಎಂದು ಯಾರೂ ಕೇಳಿರಲಿಲ್ಲ. ಹುಡುಗಿ ಅಲ್ಲಿ ಕೆಂಪು ಬಣ್ಣ ಹಾಕಿದಳು. ಉಪಗ್ರಹದ ಚಿತ್ರ ನೋಡಿ ಆ ಒರತೆಯನ್ನು ಯಾರೂ ಕಂಡುಹಿಡಿಯುತ್ತಿರಲಿಲ್ಲ. ಈ ಒಂದು ಮಧ್ಯಾಹ್ನಕ್ಕಾಗಿಯೇ ನಾನು ಈ ಸೇವೆಗೆ ಪೂರ್ತಿ ಅಂಕ ಕೊಡಲು ಸಿದ್ಧಳಿದ್ದೆ.

ನಕ್ಷೆಯನ್ನು ಆಮೇಲೆ ಬಟ್ಟೆಯ ಮೇಲೆ ಬರೆಸಿ ಭವನದ ಗೋಡೆಗೆ ತೂಗುಹಾಕಿದ್ದಾರೆ. ಮಕ್ಕಳು ಅದರಲ್ಲಿ ತಮ್ಮ ಮನೆ ಹುಡುಕುತ್ತಾರೆ.

ಎರಡನೆಯದು ಮಳೆಮಾಪಕ. ನನಗೆ ಅತ್ಯಂತ ಪ್ರಿಯವಾದದ್ದು ಇದೇ, ಏಕೆಂದರೆ ನಮ್ಮ ಅಂಗಳದ್ದನ್ನು ಓದುವ ಹೊಣೆ ನನ್ನದು. ಸರಳವಾದ ವಸ್ತು: ಮೇಲೆ ಕೊಳವೆಬಾಯಿ, ಒಳಗೆ ನೀರು ಸೇರುವ ಪಾತ್ರೆ, ಜೊತೆಗೆ ಗೆರೆ ಹಾಕಿದ ಅಳತೆಯ ಗಾಜು. ಮರದಿಂದ, ಸೂರಿನಿಂದ ದೂರ, ಗಾಳಿಗೆ ಅಲುಗದ ಹಾಗೆ ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿದರು. ಒಂದು ನಮ್ಮಲ್ಲಿ, ಇನ್ನೊಂದು ಮೇಲಿನ ಟೀ ತೋಟದ ಅಂಚಿನಲ್ಲಿ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಓದಬೇಕು. ಜೋರು ಮಳೆಯ ದಿನ ಮೂರು ಗಂಟೆಗೊಮ್ಮೆ. ಓದಿದ್ದನ್ನು ಪುಸ್ತಕದಲ್ಲಿ ಬರೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು.

ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಇದನ್ನು ಹೇಳಿಕೊಟ್ಟ ಮೇಲೆ ಊರಿನವರ ನೋಟವೇ ಬದಲಾಯಿತು. ಅರವತ್ತು ಚದರ ಮೀಟರಿನ ಒಂದು ಶೀಟಿನ ಸೂರಿನ ಮೇಲೆ ನೂರು ಮಿಲಿಮೀಟರ್ ಮಳೆ ಬಿದ್ದರೆ ಆರು ಸಾವಿರ ಲೀಟರ್. ಒಂದು ಟ್ಯಾಂಕರ್ ನೀರು. ಅದನ್ನು ನಾವೆಲ್ಲ ಮನೆಯ ಹಿಂದೆ, ಕಡಿದ ಇಳಿಜಾರಿನ ಬುಡಕ್ಕೇ ಬಿಡುತ್ತಿದ್ದೆವು. ಪಕ್ಕದ ಮನೆಯ ಅಣ್ಣ ಅಂದೇ ಸಂಜೆ ಪೈಪು ತರಲು ಊಟಿಗೆ ಹೋದರು.

ಎಷ್ಟು ಮಳೆಯಾದರೆ ಏನು ಮಾಡಬೇಕು? ಇಲ್ಲಿ ತಂಡದವರ ಪ್ರಾಮಾಣಿಕತೆ ನನಗೆ ಹಿಡಿಸಿತು. ಈ ಇಳಿಜಾರಿಗೆ ಇಷ್ಟೇ ಎಂದು ಖಚಿತವಾಗಿ ಹೇಳುವ ಅಂಕಿ ತಮ್ಮಲ್ಲಿ ಇಲ್ಲ ಎಂದು ಅವರು ನೇರವಾಗಿ ಹೇಳಿದರು. ಸದ್ಯಕ್ಕೆ ಹವಾಮಾನ ಇಲಾಖೆಯ ವರ್ಗಗಳನ್ನೇ ಗೆರೆಗಳಾಗಿ ಹಿಡಿದುಕೊಳ್ಳಿ ಎಂದರು: ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, ನಮಗೆ ಹಳದಿ, 115.6 ಮುಟ್ಟಿದರೆ ಅತಿ ಭಾರಿ, ನಮಗೆ ಕಿತ್ತಳೆ, 204.4 ದಾಟಿದರೆ ವಿಪರೀತ, ಕೆಂಪು. ಜೊತೆಗೆ ಹಿಂದಿನ ಎರಡು ದಿನಗಳ ಮೊತ್ತವನ್ನೂ ನೋಡಬೇಕು, ಏಕೆಂದರೆ ಮೊದಲೇ ನೆನೆದ ಮಣ್ಣಿಗೆ ಕಡಿಮೆ ಮಳೆಯೇ ಸಾಕು. ಒರತೆ ಕಲಕಿದರೆ, ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿದರೆ, ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇಳಿದುಹೋದರೆ ಗೆರೆಗಾಗಿ ಕಾಯಬಾರದು. ವರ್ಷ ಕಳೆದಂತೆ ನಿಮ್ಮ ಪುಸ್ತಕವೇ ನಿಮ್ಮ ಗೆರೆಯನ್ನು ತಿದ್ದುತ್ತದೆ ಎಂದು ಅವರು ಹೇಳಿದ್ದನ್ನು ನಾನು ನಂಬಿದ್ದೇನೆ.

ನಂಬಲು ಕಾರಣವೂ ಇದೆ. ನಮ್ಮ ಜಿಲ್ಲೆಗೆ ಅಂಟಿಕೊಂಡೇ ಇರುವ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ 200ಕ್ಕೂ ಹೆಚ್ಚು ಕಡೆ ಸ್ಥಳೀಯರ ಸಹಾಯದಿಂದ ಮಳೆ ಅಳೆಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲೆಯನ್ನು ಗುಡ್ಡ ನುಂಗಿತು. ಅದರ ಹಿಂದಿನ ದಿನವೇ ಆ ಸಂಸ್ಥೆ ತನ್ನ ಅಳತೆಗಳನ್ನು ನೋಡಿ ಜಿಲ್ಲಾಡಳಿತವನ್ನು ಎಚ್ಚರಿಸಿತ್ತು. ಅಂಗಳದ ಮಳೆಮಾಪಕಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಆ ಎಚ್ಚರಿಕೆ ಪ್ರತಿ ಬಾಗಿಲನ್ನೂ ತಟ್ಟಿದ್ದರೆ ಎಂಬ ಸಂಕಟ ಮಾತ್ರ ಇಂದಿಗೂ ಹೋಗಿಲ್ಲ.

ಸರ್ಕಾರಿ ಮುನ್ಸೂಚನೆಗಳಿಲ್ಲವೇ ಎಂದು ಕೇಳಬಹುದು. ಇವೆ, ಅವನ್ನು ನಾವು ಬಳಸುತ್ತೇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಭೂಕುಸಿತದ ಮುನ್ಸೂಚನೆಯನ್ನು ಮೊದಲು ಪ್ರಯೋಗಿಸಿದ ಜಿಲ್ಲೆಗಳಲ್ಲಿ ಡಾರ್ಜಿಲಿಂಗ್ ಜೊತೆಗೆ ನೀಲಗಿರಿಯೂ ಒಂದು. 2024ರಲ್ಲಿ ಕೋಲ್ಕತ್ತದಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಕೇಂದ್ರ ತೆರೆಯಿತು. ತಮಿಳುನಾಡು ಸರ್ಕಾರದ ಟಿಎನ್ ಅಲರ್ಟ್ ಆ್ಯಪ್ ಇದೆ, ಜಿಲ್ಲಾ ನಿಯಂತ್ರಣ ಕೊಠಡಿಯ ಫೋನ್ ಸಂಖ್ಯೆ 1077 ಇದೆ. ಇವೆಲ್ಲ ವಿಶಾಲ ಪ್ರದೇಶದ ಮೇಲೆ ಕಣ್ಣಿಟ್ಟಿರುತ್ತವೆ, ಅದು ಅವುಗಳ ಕೆಲಸ. ಆದರೆ ಬೆಟ್ಟದಲ್ಲಿ ಒಂದು ಏಣಿನ, ಅಂದರೆ ಬೆಟ್ಟದ ಬೆನ್ನಿನ, ಈಚೆ ಸೋನೆ, ಆಚೆ ಜಡಿಮಳೆ. ನಮ್ಮ ಅಂಗಳದ ಅಳತೆಗೂ ಮೇಲಿನ ತೋಟದ ಅಳತೆಗೂ ಎಷ್ಟೋ ದಿನ ಹೊಂದಾಣಿಕೆಯೇ ಇರುವುದಿಲ್ಲ. ಕೋಲ್ಕತ್ತದಿಂದ ಬರುವ ಸೂಚನೆಗೂ ನಕ್ಷೆಯಲ್ಲಿ ಕೆಂಪು ಬಣ್ಣ ಬಿದ್ದ ಹಟ್ಟಿಯ ಎರಡು ಮನೆಗಳಿಗೂ ನಡುವೆ ಒಂದು ಕೊಂಡಿ ಬೇಕಿತ್ತು. ಈ ಸೇವೆ ಆ ಕೊಂಡಿಯನ್ನು ಕೊಟ್ಟಿತು.

ಚರಂಡಿಯ ಕೆಲಸವನ್ನು ಉದ್ದವಾಗಿ ವರ್ಣಿಸಲು ಏನೂ ಇಲ್ಲ, ಆದರೂ ಹಣಕ್ಕೆ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ಅಲ್ಲೇ. ಊರಿನ ಮೇಲ್ಭಾಗದಲ್ಲಿ ಅಡ್ಡವಾಗಿ ಒಂದು ಕಾಲುವೆ ತೋಡಿ, ಒಳಮೈಗೆ ಕಲ್ಲು ಕಟ್ಟಿ, ನೀರನ್ನು ಹಳೆಯ ಹಳ್ಳಕ್ಕೆ ತಿರುಗಿಸಿದರು. ಕಡಿದ ಇಳಿಜಾರಿನ ನೆತ್ತಿಯಲ್ಲಿದ್ದ ಇಂಗುಗುಂಡಿಗಳನ್ನು ಮುಚ್ಚಿಸಿದರು. ಅಂಚುಗಳಲ್ಲಿ ಲಾವಂಚ ನೆಡಿಸಿದರು. ಹೆದ್ದಾರಿಯ ಕೆಲವು ಕಡೆ ಈಗ ಮಣ್ಣಿನೊಳಗೆ ಕಬ್ಬಿಣದ ಸರಳು ಇಳಿಸಿ, ಬಲೆ ಹೊದಿಸಿ, ಹುಲ್ಲು ಬೆಳೆಸುತ್ತಾರಲ್ಲ, ಅಷ್ಟು ಖರ್ಚು ಮಾಡುವ ಶಕ್ತಿ ಒಂದು ಹಟ್ಟಿಗೆ ಇರುವುದಿಲ್ಲ. ಗುದ್ದಲಿ, ಕಲ್ಲು, ಲಾವಂಚ ನಮ್ಮ ಕೈಗೆಟುಕುವಂಥವು. ನಮ್ಮ ಕೊಟ್ಟಿಗೆಯ ಮೇಲ್ಗಡೆಯ ನೆಲದಲ್ಲಿದ್ದ ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರವನ್ನು ವಾರಕ್ಕೊಮ್ಮೆ ಅಳೆಯಲು ಹೇಳಿದರು. ಅಂತರ ಹೆಚ್ಚುತ್ತಾ ಬಂತು. ಕೊಟ್ಟಿಗೆಯನ್ನು ಬೇರೆಡೆಗೆ ಸಾಗಿಸಿದೆವು. ಅಷ್ಟೇ.

ಊರು ಖಾಲಿ ಮಾಡುವ ವ್ಯವಸ್ಥೆಗೆ ಬರುತ್ತೇನೆ. ಪ್ರತಿ ಐದಾರು ಮನೆಗೆ ಬಾಗಿಲು ತಟ್ಟುವವರೊಬ್ಬರು. ಅವರ ಬಳಿ ಪಟ್ಟಿ: ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಕಿವಿ ಕೇಳುವುದಿಲ್ಲ, ಯಾರು ಬಾಣಂತಿ, ಯಾರಿಗೆ ರಕ್ತದೊತ್ತಡದ ಮಾತ್ರೆ. ಈ ಪಟ್ಟಿಯನ್ನು ಮನೆಮನೆಗೆ ಹೋಗಿ ಮಾಡಿಸಿದವರು ನರ್ಸಮ್ಮ. ಫೋನಿನ ಸಿಗ್ನಲ್ ಕರೆಂಟಿನ ಜೊತೆಗೇ ಹೋಗುತ್ತದೆ, ಆದ್ದರಿಂದ ದೇವಸ್ಥಾನದ ಗಂಟೆ ಮತ್ತು ಸೀಟಿ. ಸೇರುವ ಜಾಗ ಏಣಿನ ಮೇಲಿನ ಶಾಲೆ. ಸಾಮಾನ್ಯವಾಗಿ ಜನ ರಸ್ತೆಗೆ, ಅಂದರೆ ಜಲಾಶಯದ ಕಡೆಗೆ ಇಳಿಯುತ್ತಾರೆ. ಅದು ಹಳ್ಳದ ದಾರಿ, ಅಲ್ಲಿಗೆ ಹೋಗಲೇಬಾರದು ಎಂದು ಅಭ್ಯಾಸದಲ್ಲಿ ಮತ್ತೆ ಮತ್ತೆ ಹೇಳಿಸಿದರು.

ಎಲ್ಲಕ್ಕಿಂತ ಮುಖ್ಯವಾದ ನಿಯಮ, ನಿರ್ಧಾರ ಬೆಳಕಿರುವಾಗಲೇ ಆಗಬೇಕು ಎಂಬುದು. ಸಂಜೆ ನಾಲ್ಕರ ಅಳತೆ ನೋಡಿ ತೀರ್ಮಾನಿಸಬೇಕು. ಕಳೆದ ಜುಲೈನಲ್ಲಿ ಎರಡು ದಿನ ಹಳದಿ ದಾಟಿ, ಮೂರನೆಯ ದಿನ ಸಂಜೆಯೊಳಗೇ ಕಿತ್ತಳೆ ಬಂತು. ಗಾಳಿಗೆ ಕರ್ಪೂರದ ಮರಗಳು (ನೀಲಗಿರಿ ಮರಕ್ಕೆ ಇಲ್ಲಿನ ಹೆಸರು) ಬೀಳುತ್ತಿದ್ದವು. ನಾನು ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಮತ್ತೊಮ್ಮೆ ಓದಿ, ಬಾಗಿಲು ತಟ್ಟುವ ತಮ್ಮನಿಗೆ ಹೇಳಿ ಕಳುಹಿಸಿದೆ. ಕೆಂಪು ಬಣ್ಣದ ಮನೆಗಳವರು, ಅವುಗಳ ಕೆಳಗಿನವರು ಕತ್ತಲಾಗುವ ಮೊದಲು ಶಾಲೆಗೆ ಬಂದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಹುಡುಗರು ಹಸುಗಳ ಹಗ್ಗ ಬಿಚ್ಚಿ ಮೇಲಕ್ಕೆ ಅಟ್ಟಿದರು. ನಾವು ಅನ್ನ, ಸಾರು ಮಾಡಿ ಕೊಂಡೊಯ್ದೆವು.

ಆ ರಾತ್ರಿ ಮನೆಗಳ ಮೇಲೆ ಏನೂ ಬೀಳಲಿಲ್ಲ. ಮೇಲಿನ ರಸ್ತೆಯಲ್ಲಿ ಮಾತ್ರ ಒಂದು ಕಡೆ ಮಣ್ಣು ಜರಿಯಿತು. ಬೆಳಿಗ್ಗೆ ಮನೆಗೆ ಮರಳುವಾಗ ಕೆಲವರು ಗೊಣಗಿದರು: ಸುಮ್ಮನೆ ಚಳಿಯಲ್ಲಿ ಮಲಗಿಸಿದಿರಿ, ಹೀಗೇ ಏನೂ ಆಗದೆ ಹೋದರೆ ಮುಂದಿನ ಸಲ ಯಾರು ಏಳುತ್ತಾರೆ? ಈ ಪ್ರಶ್ನೆಯನ್ನು ತಂಡದವರು ನಿಭಾಯಿಸಿದ ರೀತಿ ನನಗೆ ತುಂಬಾ ಮೆಚ್ಚುಗೆಯಾಯಿತು. ಅವರು ವಾದಕ್ಕೆ ಇಳಿಯಲಿಲ್ಲ. ಆ ವಾರವೇ ಬಂದು ಎಲ್ಲರನ್ನೂ ಕೂರಿಸಿ ಮಳೆಪುಸ್ತಕ ಓದಿಸಿದರು, ಮೂರು ದಿನದಲ್ಲಿ ಕೆಂಪು ಮನೆಗಳ ಮೇಲಿನ ಇಳಿಜಾರಿಗೆ ಎಷ್ಟು ಲೀಟರ್ ನೀರು ಬಿದ್ದಿದೆ ಎಂದು ಶಾಲೆಯ ಹಲಗೆಯ ಮೇಲೆ ಮಕ್ಕಳಿಂದ ಲೆಕ್ಕ ಮಾಡಿಸಿದರು. ಹೊಸ ಕಾಲುವೆಯಲ್ಲಿ ಹರಿದುಹೋದ ನೀರಿನ ಗುರುತು ಎಲ್ಲಿಯವರೆಗೆ ಇದೆ ಎಂದು ಕರೆದೊಯ್ದು ತೋರಿಸಿದರು. ಗೊಣಗಿದವರಲ್ಲಿ ಒಬ್ಬರು ಈಗ ತಾವೇ ಬಾಗಿಲು ತಟ್ಟುವವರಾಗಿದ್ದಾರೆ. ಏನೂ ಬೀಳದ ರಾತ್ರಿಯನ್ನು ವ್ಯರ್ಥವೆಂದು ಲೆಕ್ಕ ಹಿಡಿಯುವವರ ಜೊತೆ ನಾನು ಎಂದಿಗೂ ಒಪ್ಪುವುದಿಲ್ಲ.

ಜಲಾಶಯದ ವಿಷಯದಲ್ಲಿ ಸೇವೆ ಇನ್ನೂ ಅರೆಬರೆ. ದಡದ ಅಪಾಯವೇ ಬೇರೆ. ನೀರಿನ ಮಟ್ಟ ಬೇಗನೆ ಇಳಿದಾಗ, ನೆನೆದ ದಡಕ್ಕೆ ನೀರಿನ ಆಸರೆ ತಪ್ಪಿ ಅದು ಜಾರುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಜಾಗದಲ್ಲಿ ತರಕಾರಿ ಹಾಕುವವರಿಗೆ, ಮೀನು ಹಿಡಿಯುವವರಿಗೆ ಇದನ್ನು ಚೆನ್ನಾಗಿ ವಿವರಿಸಿದರು. ಇಳಿಜಾರೇ ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿಕ್ಕಿಮಿನ ಉದಾಹರಣೆ ಕೊಟ್ಟರು. 2023ರ ಅಕ್ಟೋಬರ್ 3ರ ರಾತ್ರಿ ದಕ್ಷಿಣ ಲೊನಾಕ್ ಸರೋವರದ ದಡದ ಮಣ್ಣುರಾಶಿ ನೀರಿಗೆ ಕುಸಿದು, ಎದ್ದ ಅಲೆ ಸರೋವರದ ಕಟ್ಟೆಯನ್ನು ಒಡೆದು, ತೀಸ್ತಾ ಕಣಿವೆಯಲ್ಲಿ ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಅದು ಹಿಮನದಿಯ ಸರೋವರ, ನಮ್ಮದು ಅಣೆಕಟ್ಟು ಕಟ್ಟಿದ ಜಲಾಶಯ, ಎರಡನ್ನೂ ಒಂದೇ ಎನ್ನಬೇಡಿ ಎಂದೂ ಅವರೇ ಹೇಳಿದರು. ಹೆದರಿಸಿ ಕೆಲಸ ಮಾಡಿಸಿಕೊಳ್ಳುವ ಜನ ಅವರಲ್ಲ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ನೇಪಾಳದ ತ್ಶೊ ರೋಲ್ಪಾ ಎಂಬ ಹಿಮನದಿ ಸರೋವರದ ಕತೆ. ಅಲ್ಲಿ 1998ರಲ್ಲಿ ಕೆಳಗಿನ ಹಳ್ಳಿಗಳಿಗೆ, ಸರೋವರ ಒಡೆದರೆ ತಾನಾಗಿ ಕೂಗುವ ಸೈರನ್‌ಗಳನ್ನು ಹಾಕಿದರು. 2000ದಲ್ಲಿ ಕಾಲುವೆ ತೋಡಿ ನೀರಿನ ಮಟ್ಟವನ್ನು ಮೂರು ಮೀಟರ್ ಇಳಿಸಿದರು. ಇಳಿಸಿದ ಮಟ್ಟದ ಪ್ರಯೋಜನ ಉಳಿಯಿತು. ಸೈರನ್‌ಗಳು ಮಾತ್ರ ನೋಡಿಕೊಳ್ಳುವವರಿಲ್ಲದೆ ಕೆಲವೇ ವರ್ಷಗಳಲ್ಲಿ ಮೂಕವಾದವು. ಇದನ್ನು ಕೇಳಿದ ದಿನ ನಾನು ಎದ್ದು ನಿಂತು ಕೇಳಿದೆ: ನಮ್ಮ ಮಳೆಮಾಪಕವನ್ನು ನೀವು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಅದಕ್ಕೆ ತೃಪ್ತಿಕರವಾದ ಉತ್ತರ ಇನ್ನೂ ಬಂದಿಲ್ಲ. ನನ್ನ ಮೊದಲ ದೂರು ಇದೇ. ಅವರ ದೇಣಿಗೆಯ ಅವಧಿ ಎರಡು ವರ್ಷ. ಕಳೆದ ಮಳೆಗಾಲದಲ್ಲಿ ಮೇಲಿನ ತೋಟದ ಅಳತೆಯ ಗಾಜು ಒಡೆದಾಗ ಹೊಸದು ಬರಲು ಮಳೆಗಾಲ ಮುಗಿಯುತ್ತಾ ಬಂದಿತ್ತು. ಅಷ್ಟು ದಿನ ಇಡೀ ಊರು ನಮ್ಮ ಅಂಗಳದ ಒಂದೇ ಅಳತೆಯನ್ನು ನೆಚ್ಚಿಕೊಂಡಿತ್ತು. ಇಷ್ಟು ಮುಖ್ಯವಾದ ವಸ್ತುವಿಗೆ ಬದಲಿ ಗಾಜನ್ನು ಮೊದಲ ದಿನವೇ ಕೊಟ್ಟಿರಬೇಕು.

ಎರಡನೆಯದು ಭಾಷೆ. ಕೈಪಿಡಿ ಬಂದದ್ದು ತಮಿಳು ಮತ್ತು ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳು ತಮಿಳು ಓದುತ್ತಾರೆ, ನಿಜ. ಆದರೆ ಕನ್ನಡ ಮಾತ್ರ ಓದಬಲ್ಲ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅಪಾಯದ ವೇಳೆ ಮನೆಯಲ್ಲಿ ಒಂಟಿಯಾಗಿರುವವರೂ ಅವರೇ. ಕೇಳಿದ ಮೇಲೆ ಒಪ್ಪಿದರು. ನಾನೇ ಕುಳಿತು ಒಂದು ಪುಟದ ಕನ್ನಡ ಸೂಚನೆ ಬರೆದುಕೊಟ್ಟೆ, ಅವರು ಅಚ್ಚು ಹಾಕಿಸಿದರು. ಅದು ಈಗ ನಮ್ಮ ಅತಿಥಿ ಕೋಣೆಗಳ ಬಾಗಿಲ ಹಿಂದೆಯೂ ಇದೆ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ತರಬೇತಿಗಳನ್ನು ಮಧ್ಯಾಹ್ನ ಇಟ್ಟರು. ಆ ಹೊತ್ತಿನಲ್ಲಿ ಟೀ ಎಲೆ ಕೀಳುವ, ಕ್ಯಾರೆಟ್ ತೊಳೆಯುವ ಹೆಂಗಸರು ಕೂಲಿ ಬಿಟ್ಟು ಬರಲಾರರು. ಹೀಗಾಗಿ ಲೈನ್‌ಮನೆಗಳ ಜನ ನಕ್ಷೆಯ ದಿನವೂ ಇರಲಿಲ್ಲ, ಅಭ್ಯಾಸದ ದಿನವೂ ಇರಲಿಲ್ಲ. ಆ ಮನೆಗಳಿರುವುದು ನಮ್ಮೆಲ್ಲರ ಕೆಳಗೆ, ಹಳ್ಳದ ಬಾಯಲ್ಲಿ. ನಮ್ಮ ಕಾಲುವೆಯ ನೀರು ಹೋಗುವುದೂ ಆ ಹಳ್ಳಕ್ಕೇ. ಮೇಲಿನವರನ್ನು ಉಳಿಸಿ ಕೆಳಗಿನವರಿಗೆ ನೀರು ತಿರುಗಿಸಿದರೆ ಅದು ಯಾವ ಸುರಕ್ಷತೆ? ಈ ಮಾತನ್ನು ಭವನದಲ್ಲಿ ಹೇಳಿದಾಗ ತಂಡದ ಹಿರಿಯರು ತಲೆ ತಗ್ಗಿಸಿ ಬರೆದುಕೊಂಡರು. ಹಳ್ಳದ ಕೆಳದಂಡೆಗೆ ಕಲ್ಲು ಕಟ್ಟುವ ಕೆಲಸ ಆಮೇಲೆ ಶುರುವಾಗಿದೆ. ಅದು ಮುಗಿಯುವವರೆಗೆ ನಾನು ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕ ಕೊಡುವುದಿಲ್ಲ.

ಇಳಿಜಾರು ಕಡಿದು ಕಟ್ಟುವ ದೊಡ್ಡ ಕಟ್ಟಡಗಳ ಬಗ್ಗೆ ತಂಡ ಬಾಯಿ ಬಿಡುವುದಿಲ್ಲ ಎಂಬ ಬೇಸರವೂ ಇದೆ. ಅದು ತಮ್ಮ ವ್ಯಾಪ್ತಿಯಲ್ಲ ಎನ್ನುತ್ತಾರೆ. ಮಣ್ಣಿಗೆ ಆ ವ್ಯಾಪ್ತಿ ಗೊತ್ತಿಲ್ಲ. ಹೋಂಸ್ಟೇ ನಡೆಸುವ ನಮಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಮೂರನೆಯ ಕೋಣೆ ಕಟ್ಟಲು ಜಾಗ ಸಮತಟ್ಟು ಮಾಡಬೇಕಿತ್ತು, ಅದನ್ನು ಕೈಬಿಟ್ಟಿದ್ದೇವೆ.

ಕರೆಸಬೇಕೇ? ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ, ಉತ್ತರ ಕನ್ನಡದಲ್ಲಿ ಇಳಿಜಾರಿನ ಮೇಲೆ, ಹಿನ್ನೀರಿನ ದಂಡೆಯಲ್ಲಿ ಇರುವವರು ಇಂಥ ಸೇವೆ ಸಿಕ್ಕರೆ ಖಂಡಿತ ಕರೆಸಿ. ಕರೆಸುವ ಮೊದಲು ಕೆಲವನ್ನು ಪಟ್ಟು ಹಿಡಿದು ಕೇಳಿ: ಸಭೆ ಕೂಲಿಯವರು ಮನೆಗೆ ಬಂದ ಮೇಲೆ ನಡೆಯಲಿ, ಹಳ್ಳದ ಕೊನೆಯ ಮನೆಯವರೆಗೆ ನಕ್ಷೆ ಬರಲಿ, ಒಂದು ಅಭ್ಯಾಸವಾದರೂ ಮಳೆಯಲ್ಲಿ, ಕತ್ತಲಲ್ಲಿ ಆಗಲಿ, ಬದಲಿ ಗಾಜು ಕೈಯಲ್ಲಿರಲಿ, ಹೊಣೆ ಹೊರುವ ಪಂಚಾಯಿತಿಯ ಸದಸ್ಯರೊಬ್ಬರು ಮೊದಲ ದಿನದಿಂದ ಜೊತೆಗಿರಲಿ. ಯಾರೂ ಬರದಿದ್ದರೂ ಮಳೆಮಾಪಕ ಮತ್ತು ನೋಟುಪುಸ್ತಕದಿಂದ ನೀವೇ ಆರಂಭಿಸಬಹುದು. ಉಪಕರಣಕ್ಕೆ ಹೆಚ್ಚು ಹಣ ಬೇಡ. ಪ್ರತಿದಿನ ತಪ್ಪದೆ ಓದುವ ಒಬ್ಬರು ಬೇಕು.

ನಮ್ಮಲ್ಲಿಗೆ ಬರುವ ಅತಿಥಿಗಳಿಗೂ ಒಂದು ಮಾತು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ನೀಲಗಿರಿಗೆ ಇ-ಪಾಸ್ ಬೇಕು, ಮಳೆಯಲ್ಲಿ ಗೂಡಲೂರಿನ ರಸ್ತೆ ಯಾವಾಗ ಬೇಕಾದರೂ ನಿಲ್ಲಬಹುದು. ಆದ್ದರಿಂದ ಜುಲೈನಿಂದ ನವೆಂಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ 8.30ರ ನಂತರ ನನಗೆ ಫೋನ್ ಮಾಡಿ, ಅಂದಿನ ಅಳತೆಯನ್ನು ಓದಿ ಹೇಳುತ್ತೇನೆ. ಹಳದಿ ಗೆರೆ ದಾಟಿದ್ದರೆ ಬರಬೇಡಿ ಎನ್ನುತ್ತೇನೆ, ಮುಂಗಡ ಹಣವನ್ನು ಪೂರ್ತಿ ಹಿಂದಿರುಗಿಸುತ್ತೇನೆ.